ಹೊರಗೆ ಒಯ್ಯೋಕೆ ಹಗುರ ರಿವಾಲ್ವರ್: ಮಲಿಕ್-ಎ-ಮೈದಾನದಿಂದ 'ಪಾಯಿಂಟ್ 32'ರ ತನಕ

ಈ ಸಲದ ಮಾತು ಇಂದಾಪುರದಿಂದ. ಪುಣೆಯಲ್ಲಿ ಕೆಲಸ ಮಾಡೋ ನಮ್ಮ ಕನ್ನಡದವರಿಗೆ ಈ ಊರು ಗೊತ್ತಿರುತ್ತೆ. ಸೊಲ್ಲಾಪುರ ಹೆದ್ದಾರಿ ಹಿಡಿದು ವಿಜಯಪುರಕ್ಕೋ ಕಲಬುರಗಿಗೋ ಹೋಗುವಾಗ ಚಹಾಕ್ಕೆ ನಿಲ್ಲಿಸೋ ಊರು. ಭಿಗವಣದ ಹತ್ತಿರ ಉಜನಿ ಹಿನ್ನೀರಿನಲ್ಲಿ ಫ್ಲೆಮಿಂಗೊ ನೋಡೋಕೆ, ಕಡಬನವಾಡಿ ಹುಲ್ಲುಗಾವಲಲ್ಲಿ ಚಿಂಕಾರ, ತೋಳ ಹುಡುಕೋಕೆ ವೀಕೆಂಡಿಗೆ ಬರೋರೂ ಇದ್ದಾರೆ. ಅವರಲ್ಲಿ ಕೆಲವರ ಪ್ರಶ್ನೆ: "ಹೀಗೆ ಹೊರಗೆ ತಿರುಗೋವಾಗ ಸೊಂಟದಲ್ಲಿ ಒಂದು ಹಗುರ ರಿವಾಲ್ವರ್ ಇದ್ರೆ ಒಳ್ಳೇದಲ್ವಾ? ಅಮೆರಿಕದಲ್ಲಿರೋ ಗೆಳೆಯರು ಟ್ರೆಕ್ಕಿಂಗಿಗೆ ದೊಡ್ಡ ಬೋರಿಂದೇ ಒಯ್ತಾರಂತೆ. ನಮಗೆ ಯಾವುದು ಸರಿ?"

ಪ್ರಶ್ನೆ ಸಣ್ಣದು. ಉತ್ತರಕ್ಕೆ ಮಾತ್ರ ನಾನೂರು ವರ್ಷ ಹಿಂದಕ್ಕೆ ಹೋಗಬೇಕು.

ಬೋರ್ ಅಂದ್ರೆ ನಳಿಗೆಯ ಒಳಗಿನ ಅಗಲ. ನಮ್ಮ ಕಡೆ ದೊಡ್ಡ ಬೋರ್ ಅಂದ ಕೂಡಲೇ ನೆನಪಿಗೆ ಬರಬೇಕಾದ್ದು ವಿಜಯಪುರದ ಕೋಟೆ ಮೇಲಿರೋ ಮಲಿಕ್-ಎ-ಮೈದಾನ್ ತೋಪು. ಅದನ್ನ ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ತೂಕ ಸುಮಾರು 55 ಟನ್, ಬೋರ್ 28 ಇಂಚು. ಇಂದಾಪುರದಿಂದ ಪೂರ್ವಕ್ಕೆ ಭೀಮಾ ನದಿ ದಾಟಿ ಹೋದರೆ ಪರಾಂಡಾ ಕೋಟೆ ಸಿಗುತ್ತೆ. ಆದಿಲಶಾಹಿಗಳು 1632ರಲ್ಲಿ ಆ ತೋಪನ್ನ ವಿಜಯಪುರಕ್ಕೆ ಎಳೆದುಕೊಂಡು ಹೋದದ್ದು ಅಲ್ಲಿಂದಲೇ. ಈ ಇಡೀ ಸೀಮೆ ಅಹಮದ್‌ನಗರಕ್ಕೂ ವಿಜಯಪುರಕ್ಕೂ ನಡುವಿನ ಗಡಿ. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆ ಕಾಳಗದಲ್ಲಿ ಬಿದ್ದದ್ದೂ ಇದೇ ಇಂದಾಪುರದಲ್ಲಿ.

ಆ ತೋಪಿಗೆ ಅಷ್ಟು ತೂಕ ಯಾಕೆ? ಗುಂಡು ಮುಂದೆ ಹೋಗುವಾಗ ಆಯುಧ ಹಿಂದೆ ಒದೆಯುತ್ತೆ. ದೊಡ್ಡ ಗುಂಡಿನ ಒದೆತ ತಡೆಯೋಕೆ ತೂಕ ಬೇಕು. ಪಿಯುಸಿಯಲ್ಲಿ ಓದಿದ ಸಂವೇಗದ ಲೆಕ್ಕ, ಅಷ್ಟೇ. ದೊಡ್ಡ ಬೋರ್ ಬೇಕು, ಹಗುರಾನೂ ಇರಬೇಕು ಅನ್ನೋದು ಈ ಲೆಕ್ಕದ ಎದುರು ಹೂಡೋ ಜಗಳ.

ಈ ಜಗಳ ಸೊಂಟದ ಆಯುಧಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ನಡುವೆ. ಆಗ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ರಿವಾಲ್ವರನ್ನ ಸ್ವಂತ ದುಡ್ಡಲ್ಲಿ ಕೊಳ್ಳೋರು. ಅವರ ಮುಂದೆ ಎರಡು ದಾರಿ. ಒಂದು ಅಮೆರಿಕದ ಕೋಲ್ಟ್ ನೇವಿ, 0.36 ಇಂಚಿನದು. ಇನ್ನೊಂದು ಇಂಗ್ಲೆಂಡಿನ ಆಡಮ್ಸ್, 0.442 ಇಂಚಿನದು. ಕೋಲ್ಟ್ ಗುರಿಗೆ ಒಳ್ಳೇದು. ಆದರೆ ಕತ್ತಿ ಹಿಡಿದು ಮೈಮೇಲೆ ಬಂದವನನ್ನ ನಿಲ್ಲಿಸೋಕೆ ದೊಡ್ಡ ಗುಂಡೇ ಬೇಕು ಅನ್ನೋ ನಂಬಿಕೆ ಅವರಲ್ಲಿ ಬಲವಾಯ್ತು. 1872ರಲ್ಲಿ ವೆಬ್ಲಿ ಕಂಪನಿ 'ಬುಲ್‌ಡಾಗ್' ತಂದಿತು. ಎರಡೂವರೆ ಇಂಚಿನ ಗಿಡ್ಡ ನಳಿಗೆ, ಐದು ಗುಂಡು, ಆದರೆ ಬೋರ್ ಮಾತ್ರ 0.442, 0.450. ಕೋಟಿನ ಜೇಬಲ್ಲಿ ಹಿಡಿಸೋ ದೊಡ್ಡ ಬೋರ್ ಅಂದ್ರೆ ಇದೇ. ಇವತ್ತಿನ ಹಗುರ ರಿವಾಲ್ವರುಗಳ ಮುತ್ತಜ್ಜ.

ಈಗ ಅದೇ ಕಾಲದ ಇನ್ನೊಂದು ಮುಖ ನೋಡಿ. 1857ರ ದಂಗೆ ಎದ್ದಾಗ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳೋ ಕಾಯ್ದೆ ತಂದರು. ಮುಧೋಳ ಸಂಸ್ಥಾನದ ಹಲಗಲಿ ಅನ್ನೋ ಹಳ್ಳಿಯ ಬೇಡರು ಕೊಡೋದಿಲ್ಲ ಅಂದರು. ಬೇಟೆ, ಕಾವಲು, ಸೈನಿಕ ಚಾಕರಿ ಇವೇ ಅವರ ಬದುಕು. ಆಯುಧ ಕೊಡೋದು ಅಂದ್ರೆ ಹೊಟ್ಟೆಪಾಡನ್ನೂ ಮಾನವನ್ನೂ ಒಟ್ಟಿಗೆ ಕೊಟ್ಟ ಹಾಗೆ. ಆ ವರ್ಷದ ನವೆಂಬರ್ ಕೊನೆಗೆ ಸೈನ್ಯ ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನ ಗಲ್ಲಿಗೇರಿಸಿದರು. ಉತ್ತರ ಕರ್ನಾಟಕದಲ್ಲಿ ಬೆಳೆದವರು ಹಲಗಲಿ ಬೇಡರ ಲಾವಣಿ ಕೇಳಿರ್ತೀರಿ.

ಒಂದೇ ಕಾಲ, ಒಂದೇ ಪ್ರಶ್ನೆ: ಹೊರಗೆ ಹೋಗುವಾಗ ನನ್ನ ಜೊತೆ ಯಾವ ಆಯುಧ? ಅಧಿಕಾರಿಗೆ ಅದು ಅಂಗಡಿಯಲ್ಲಿ ಆರಿಸೋ ಸಾಮಾನು. ಹಲಗಲಿಯವನಿಗೆ ಅದು ನೇಣು. ಮುಂದೆ 1878ರ ಆಯುಧ ಕಾಯ್ದೆ ಬಂದಾಗಲೂ ಭಾರತೀಯರಿಗೆ ಲೈಸನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. 1930ರಲ್ಲಿ ಗಾಂಧೀಜಿ ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ಜೊತೆ ಆತ್ಮರಕ್ಷಣೆಗೆ ಬಂದೂಕಿನ ಲೈಸನ್ಸ್ ಕೊಡಬೇಕು ಅನ್ನೋದೂ ಇತ್ತು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಮ್ಮ ಕೊಡಗು ಮಾತ್ರ ಬೇರೆ ಕತೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಇವತ್ತಿಗೂ ಪೂಜೆ ನಡೆಯುತ್ತೆ.

ಸರಿ, ಬೋರಿನ ಅಳತೆಗೂ ಕಾನೂನಿಗೂ ಏನು ನಂಟು? ಇಲ್ಲಿದೆ ಮಜಾ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ 0.450 ಬೋರಿನ ಬಂದೂಕು ಖಾಸಗಿಯವರ ಕೈಗೆ ಹೋಗದ ಹಾಗೆ ತಡೆಯಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲಿಗೂ ಅದೇ ಅಳತೆಯ ಗುಂಡು, ಅದು ಬಂಡಾಯಗಾರರ ಕೈಗೆ ಸಿಗಬಾರದು ಅನ್ನೋ ಭಯ. ಆಗ ಲಂಡನ್ನಿನ ಬಂದೂಕು ತಯಾರಕರು ಏನು ಮಾಡಿದರು? ಅಳತೆಯನ್ನ ಕೂದಲೆಳೆಯಷ್ಟು ಹಿಗ್ಗಿಸಿ 0.465, 0.470 ಅಂತ ಹೊಸ ಕಾಡತೂಸು ತಂದರು. ಕೆಲಸ ಅದೇ, ನಂಬರ್ ಮಾತ್ರ ಬೇರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಂಪ್ಲಯನ್ಸ್‌ಗೋಸ್ಕರ ಸ್ಪೆಕ್ ಬದಲಾಯಿಸಿದ್ದು. ಆನೆ ಬೇಟೆಯ ಹೆಸರಾಂತ ಕಾಡತೂಸುಗಳು ಹುಟ್ಟಿದ್ದು ಆನೆಯ ಚರ್ಮದ ದಪ್ಪ ನೋಡಿ ಅಲ್ಲ, ಭಾರತ ಸರ್ಕಾರದ ಆದೇಶ ನೋಡಿ.

ಸ್ವಾತಂತ್ರ್ಯ ಬಂದ ಮೇಲೂ ತರ್ಕ ಹಾಗೇ ಉಳಿಯಿತು. 1959ರ ಆಯುಧ ಕಾಯ್ದೆ, 1962ರ ನಿಯಮಗಳು ಸೈನ್ಯ, ಪೊಲೀಸರು ಬಳಸೋ ಅಳತೆಗಳನ್ನ ನಿಷೇಧಿತ ಬೋರ್ ಅಂತ ಬೇರೆ ಇಟ್ಟವು. 0.38, 0.455, 9 ಎಂಎಂ ಎಲ್ಲ ಆ ಪಟ್ಟಿಗೆ ಹೋದವು. ಸಾಮಾನ್ಯರಿಗೆ ಉಳಿದ ರಿವಾಲ್ವರ್ ಅಂದ್ರೆ 'ಪಾಯಿಂಟ್ 32'. 1980ರ ದಶಕದಲ್ಲಿ ಆಮದಿಗೂ ಬಾಗಿಲು ಹಾಕಿದ ಮೇಲೆ ಕಾನ್ಪುರದ ಸರ್ಕಾರಿ ಕಾರ್ಖಾನೆಯದೇ ಗತಿ. 2014ರಲ್ಲಿ ಅಲ್ಲಿಂದ 'ನಿರ್ಭೀಕ್' ಬಂತು. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು ಅರ್ಧ ಕೆಜಿ, ಬೆಲೆ 1 ಲಕ್ಷ 22 ಸಾವಿರ ರೂಪಾಯಿ ದಾಟಿತ್ತು. ಹಗುರ ಅನ್ನೋ ಅರ್ಧ ಆಸೆ ಈಡೇರಿತು. ದೊಡ್ಡ ಬೋರ್ ಅನ್ನೋ ಇನ್ನರ್ಧಕ್ಕೆ ಕಾನೂನು ಅಡ್ಡ ನಿಂತಿತು.

ಇನ್ನು ಅಮೆರಿಕದ ಗೆಳೆಯರ ಮಾತು. ಅಲ್ಲಿ 1955ರಲ್ಲಿ ಬಂದ 0.44 ಮ್ಯಾಗ್ನಂ ರಿವಾಲ್ವರ್ ಉಕ್ಕಿನದು, ಸುಮಾರು 1.35 ಕೆಜಿ. 2003ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಸ್ಕ್ಯಾಂಡಿಯಂ, ಟೈಟಾನಿಯಂ ಹಾಕಿ ಅದೇ ಕಾಡತೂಸಿಗೆ ಸುಮಾರು 710 ಗ್ರಾಮಿನ 329ಪಿಡಿ ತಂದಿತು. ಲೆಕ್ಕ ಹಾಕಿ: 15.5 ಗ್ರಾಂ ಗುಂಡು, ಸೆಕೆಂಡಿಗೆ 430 ಮೀಟರ್ ವೇಗ. ಮದ್ದಿನ ಹೊಗೆ ಬಿಟ್ಟು ಬರೀ ಗುಂಡಿನ ಲೆಕ್ಕ ಹಿಡಿದರೂ ಹಳೇ ರಿವಾಲ್ವರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದೆ ಒದ್ದರೆ, ಹೊಸದು 9ಕ್ಕೂ ಹೆಚ್ಚು. ಅಂಗೈಗೆ ತಾಗೋ ಶಕ್ತಿ ಹತ್ತಿರ ಹತ್ತಿರ ದುಪ್ಪಟ್ಟು. ಇಡೀ ದಿನ ಹೊರೋಕೆ ಸುಖ, ಹೊಡೆಯೋ ಆ ಒಂದು ಕ್ಷಣ ಕಷ್ಟ. ಎರಡನೇ ಗುಂಡು ಗುರಿಗೆ ಬರೋದು ತಡ. ಮಲಿಕ್-ಎ-ಮೈದಾನಕ್ಕೆ 55 ಟನ್ ಬೇಕಾಗಿದ್ದ ಕಾರಣವೇ ಇದು.

ಅಷ್ಟಾದರೂ ಅವರು ಒಯ್ಯೋದು ಕರಡಿಗೆ. ಅದರಲ್ಲೂ ಅಲಾಸ್ಕಾದ ಘಟನೆಗಳನ್ನ ಸ್ಮಿತ್, ಹೆರೇರೊ ಮತ್ತು ಜೊತೆಗಾರರು 2008ರಲ್ಲಿ ಅಧ್ಯಯನ ಮಾಡಿದಾಗ ಕಂದು ಕರಡಿಗಳನ್ನ ಖಾರದ ಸ್ಪ್ರೇ 92% ಸಂದರ್ಭಗಳಲ್ಲಿ ತಡೆದಿತ್ತು. 2012ರ ಇನ್ನೊಂದು ಅಧ್ಯಯನದಲ್ಲಿ ಬಂದೂಕು ಕೈಯಲ್ಲಿದ್ದೋರು ಅದನ್ನ ಹೊಡೆದರೂ ಹೊಡೆಯದಿದ್ದರೂ ಗಾಯದ ಪ್ರಮಾಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇಂದಾಪುರಕ್ಕೆ ವಾಪಸ್ ಬರೋಣ. ಇಲ್ಲಿ ಕರಡಿಯ ಕಾಟ ಇಲ್ಲ. ಇರೋದು ತೋಳ, ಬೀದಿನಾಯಿ, ಕಬ್ಬಿನ ಗದ್ದೆಯಲ್ಲಿ ಅಪರೂಪಕ್ಕೆ ಚಿರತೆ, ಕಾಲ ಬುಡದಲ್ಲಿ ಮಂಡಲದ ಹಾವು. ತೋಳ, ಚಿರತೆಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಪ್ರಾಣಕ್ಕೇ ಬಂದಾಗ ಮಾಡಿಕೊಂಡ ಆತ್ಮರಕ್ಷಣೆ ಅಪರಾಧ ಅಲ್ಲ, ನಿಜ. ಆದರೆ ಅದು ಹಾಗೇ ಆಯ್ತು ಅಂತ ತೋರಿಸೋ ಹೊಣೆ ನಿಮ್ಮ ತಲೆ ಮೇಲೆ. ಹಾವಿಗೆ ರಿವಾಲ್ವರಿನಿಂದ ಏನೂ ಆಗಲ್ಲ. ಅದಕ್ಕೆ ಬೇಕಾದ್ದು ಗಟ್ಟಿ ಬೂಟು, ಟಾರ್ಚು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷಕ್ಕೆ ಔಷಧಿ ಇದೆ ಅನ್ನೋ ತಿಳುವಳಿಕೆ. ಲೈಸನ್ಸ್ ಸಿಕ್ಕವರೂ ಒಂದು ನೋಡ್ಕೊಳ್ಳಿ: ಅದರ ಮೇಲೆ ಎಲ್ಲೆಲ್ಲಿ ಒಯ್ಯಬಹುದು ಅಂತ ಬರೆದಿರುತ್ತೆ. ಮಹಾರಾಷ್ಟ್ರಕ್ಕೆ ಮಾತ್ರ ಇರೋ ಪರವಾನಗಿ ಹಿಡ್ಕೊಂಡು ಊರಿಗೆ ಹೋದರೆ, ಗಡಿ ದಾಟಿದ ಕೂಡಲೇ ನೀವು ಅಪರಾಧಿ.

ಈ ಹುಲ್ಲುಗಾವಲಲ್ಲಿ ವರ್ಷಪೂರ್ತಿ ಹೊರಗೇ ಇರೋರು ಧನಗರರು, ಅಂದ್ರೆ ನಮ್ಮ ಕಡೆಯ ಕುರುಬರ ಹಾಗೆ ಕುರಿ ಕಾಯೋರು. ನಾವು ಬೀರಪ್ಪ ಅನ್ನೋ ದೇವರಿಗೆ ಅವರು ಬಿರೋಬಾ ಅಂತಾರೆ, ನಮ್ಮ ಮೈಲಾರ ಅವರಿಗೆ ಖಂಡೋಬಾ. ತೋಳ ದಿನಾ ಎದುರಾಗೋದು ಅವರಿಗೆ, ವೀಕೆಂಡಿಗೆ ಬರೋ ನಮಗಲ್ಲ. ಅವರ ಹತ್ತಿರ ಇರೋದು ಒಂದು ಕೋಲು, ಒಂದು ಕಂಬಳಿ, ಎರಡು ಮೂರು ನಾಯಿ. ಕೋಲಿಗೆ ಲೈಸನ್ಸ್ ಬೇಡ, ಬೋರಿನ ಪಟ್ಟಿಯೂ ಇಲ್ಲ. ಯಾವುದು ಒಯ್ಯಲಿ ಅಂತ ಕೇಳಿದವರಿಗೆ ನನ್ನ ಉತ್ತರವೂ ಅದೇ: ಕೋಲು, ಟಾರ್ಚು, ಮತ್ತೆ ದಾರಿ ಗೊತ್ತಿರೋ ಒಬ್ಬ ಊರವನು.

ಹಲಗಲಿ ಕತೆಯನ್ನ ನಿಮ್ಮ ಮನೆಯಲ್ಲಿ ಹಿರಿಯರು ಬೇರೆ ಥರ ಹೇಳಿದ್ದರೆ ಕಾಮೆಂಟಲ್ಲಿ ಬರೀರಿ. ಮುಂದಿನ ವಾರ ಸಿಗೋಣ.