ಮಮತಾ ಮಾಬೆನ್
ಮಮತಾ ಮಾಬೆನ್ (ಜನನ 1970): ಕರ್ನಾಟಕದ ಕ್ರಿಕೆಟ್ ಆಟಗಾರ್ತಿ, ಭಾರತ ತಂಡದ ಮಾಜಿ ನಾಯಕಿ, ಕೋಚ್. ಹುಟ್ಟೂರು ದಾವಣಗೆರೆ. 1993ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಕಾಲಿಟ್ಟ ಅವರು 4 ಟೆಸ್ಟ್, 40 ಏಕದಿನ ಪಂದ್ಯಗಳನ್ನಾಡಿದರು. 2004ರ ಏಪ್ರಿಲ್‌ನಲ್ಲಿ ನಡೆದ ಮೊದಲ ಮಹಿಳಾ ಏಷ್ಯಾ ಕಪ್‌ನಲ್ಲಿ ಇದ್ದದ್ದು ಎರಡೇ ತಂಡ. ಇವರ ನಾಯಕತ್ವದ ಭಾರತ ಆತಿಥೇಯ ಶ್ರೀಲಂಕಾ ವಿರುದ್ಧ ಐದಕ್ಕೆ ಐದೂ ಪಂದ್ಯ ಗೆದ್ದಿತು. ಅದರಲ್ಲೂ ಕ್ಯಾಂಡಿ ಪಂದ್ಯ ಮರೆಯುವಂಥದ್ದಲ್ಲ: ಮಧ್ಯಮ ವೇಗದ ಬೌಲಿಂಗ್‌ನಲ್ಲಿ ಬರೀ 10 ರನ್ ಕೊಟ್ಟು 6 ವಿಕೆಟ್ ಕಿತ್ತರು.

ನಿವೃತ್ತಿಯ ಬಳಿಕ ಬಾಂಗ್ಲಾದೇಶ ಮಹಿಳಾ ತಂಡವನ್ನು ಪಳಗಿಸಿದರು. 2011ರ ನವೆಂಬರ್‌ನಲ್ಲಿ ಆ ತಂಡಕ್ಕೆ ಏಕದಿನ ಮಾನ್ಯತೆ ದಕ್ಕಿತು. ಮುಂದೆ ಚೀನಾ ಮಹಿಳಾ ತಂಡದ ಕೋಚ್ ಆದರು. ಓಣಿಯಲ್ಲಿ ಬ್ಯಾಟು-ಚೆಂಡು ಕಾಣದೆ ಬೆಳೆದ ಹುಡುಗಿಯರಿಗೆ ಆಟ ಕಲಿಸುವ ಈ ಕೆಲಸ ಅವರ ವಿಕೆಟ್‌ಗಳಷ್ಟೇ ದೊಡ್ಡದು.