ಉದ್ರಿ ಖಾತೆ ಮತ್ತು ಸದಸ್ಯತ್ವದ ಕಾರ್ಡು: ಬಿ. ಎಸ್. ನಾಗೇಶ್ ಅವರ ವೃತ್ತಿಜೀವನವನ್ನು ಬೈಲಹೊಂಗಲ ಸೀಮೆಯಿಂದ ಓದುವುದು

ಭಾರತದ ಡಿಪಾರ್ಟ್‌ಮೆಂಟ್ ಸ್ಟೋರುಗಳ ಚರಿತ್ರೆ ಬರೆಯಹೊರಟವರು 1991ನ್ನು ಬಿಟ್ಟು ಮುಂದೆ ಹೋಗಲಾರರು. ಆ ವರ್ಷ ಮುಂಬಯಿಯ ಅಂಧೇರಿಯಲ್ಲಿ ಕೆ. ರಹೇಜಾ ಸಮೂಹದ ಶಾಪರ್ಸ್ ಸ್ಟಾಪ್ ತನ್ನ ಮೊದಲ ಮಳಿಗೆ ತೆರೆಯಿತು. ಅದನ್ನು ಮೊದಲಿನಿಂದ ಕಟ್ಟಿ ಬೆಳೆಸಿದವರು ಬಿ. ಎಸ್. ನಾಗೇಶ್. ಗಂಡಸರ ಸಿದ್ಧ ಉಡುಪಿನಿಂದ ಶುರುವಾದ ಅಂಗಡಿ 2005ರಲ್ಲಿ ಷೇರುಪೇಟೆಗೆ ಬಂತು. 2008ರಲ್ಲಿ ಲಾಂಛನ ಬದಲಿಸಿ ಇನ್ನಷ್ಟು ದುಬಾರಿ ಬ್ರಾಂಡುಗಳತ್ತ ವಾಲಿತು. ಅದೇ ವರ್ಷ ನಾಗೇಶರ ಹೆಸರು ವರ್ಲ್ಡ್ ರೀಟೇಲ್ ಹಾಲ್ ಆಫ್ ಫೇಮ್ ಸೇರಿತು. ವಾಣಿಜ್ಯ ಪತ್ರಿಕೆಗಳಿಗೆ ಇದು ಒಬ್ಬ ಮುಂದಾಳಿನ ಗೆಲುವಿನ ಕಥೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಅರಿವೆ ಅಂಗಡಿಯ ಗಾದಿಯ ಮೇಲೆ ಕೂತು ಓದಿದರೆ ಇದರಲ್ಲಿ ಹೊಸದೆಷ್ಟು, ಹಳೆಯದೆಷ್ಟು ಎಂಬ ಲೆಕ್ಕವೇ ಬೇರೆಯಾಗುತ್ತದೆ.

ಈ ಸೀಮೆಯಲ್ಲಿ ಬೆಲೆಬಾಳುವ ಅರಿವೆ ಕೊಳ್ಳುವ ಹೊತ್ತೆಂದರೆ ಮುಖ್ಯವಾಗಿ ಮದುವೆಯ ಜವಳಿ. ಮನೆಯವರೂ ಬೀಗರೂ ಕೂಡಿಯೇ ಬರುತ್ತಾರೆ. ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂತರೆ ಮೊದಲು ಚಹಾ, ಆಮೇಲೆ ವ್ಯಾಪಾರ. ಇಳಕಲ್ ಸೀರೆಯ ಮಡಿಕೆ ಬಿಚ್ಚುವ ಗುಮಾಸ್ತ ಒಡಲನ್ನು ತೋರಿಸುವ ಮುಂಚೆ ಸೆರಗು ಹಾಸುತ್ತಾನೆ. ಟೋಪ ತೆನೆಯ ಕೆಂಪು ಬಿಳುಪು ಕಣ್ಣಿಗೆ ಬಿದ್ದ ಮೇಲೆ ರೇಷ್ಮೆಯೋ ನೂಲೋ ಎಂಬ ಮಾತು. ಅದರ ಮಗ್ಗುಲಿಗೆ ಮುಕ್ಕೋನವಾಗಿ ಮಡಿಸಿದ ಗುಳೇದಗುಡ್ಡದ ಖಣ. “ಅಕ್ಕಾರ, ಹಿರೇ ಮಗಳ ಲಗ್ನಕ್ಕೂ ಇಂಥಾ ದಡೀದs ಒಯ್ದಿದ್ರಲ್ರಿ” ಎಂಬಂಥ ಒಂದು ಮಾತಿನಲ್ಲಿ ಆ ಮನೆಯ ಖರೀದಿಯ ಚರಿತ್ರೆಯೆಲ್ಲ ಅಡಗಿರುತ್ತದೆ. ಬೆಲೆ ಗುಮಾಸ್ತನ ಬಾಯಲ್ಲಿ, ಬಾಕಿ ಸಾಹುಕಾರರ ಖಾತೆಯಲ್ಲಿ. ಹತ್ತಿ ಮಾರಿದ ಮೇಲೆ ಚುಕ್ತಾ.

1994ರಲ್ಲಿ ಶಾಪರ್ಸ್ ಸ್ಟಾಪ್ ಫಸ್ಟ್ ಸಿಟಿಜನ್ ಎಂಬ ಸದಸ್ಯತ್ವ ಯೋಜನೆ ತಂದಿತು: ಗಿರಾಕಿಯ ಹೆಸರು, ಖರೀದಿಯ ದಾಖಲೆ, ಮತ್ತೆ ಮತ್ತೆ ಬರುವವರಿಗೆ ಲಾಭ. ಉದ್ರಿ ಖಾತೆ ಮಾಡುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಆದರೆ ಖಾತೆ ತೆರೆಯಲು ಹೊಲ ಬೇಕಿತ್ತು, ಪರಿಚಯ ಬೇಕಿತ್ತು. ಕಾರ್ಡಿಗೆ ರೊಕ್ಕವಿದ್ದರೆ ಸಾಕು. ನಿಜಕ್ಕೂ ಹೊಸದಾದದ್ದು ಬೇರೆ ಎರಡು: ಚೀಟಿಯ ಮೇಲೆ ಅಚ್ಚಾದ ಬೆಲೆ, ಮತ್ತು ಏನೂ ಕೊಳ್ಳದೆ ಎದ್ದು ಹೋಗುವ ಸ್ವಾತಂತ್ರ್ಯ. ಇವುಗಳ ಬೇರು ಪ್ಯಾರಿಸ್ಸಿನಲ್ಲಿದೆ. 1852ರಲ್ಲಿ ಅಲ್ಲಿನ ಬಾನ್ ಮಾರ್ಷೆ ಎಂಬ ಅಂಗಡಿಯ ಪಾಲುದಾರನಾದ ಅರಿಸ್ತೀದ್ ಬೂಸಿಕೊ ಇವೆರಡನ್ನೂ ವ್ಯಾಪಾರದ ನೇಮವನ್ನಾಗಿಸಿದ. ಹತ್ತು ಸೀರೆ ಬಿಚ್ಚಿಸಿ ಗಾದಿಯಿಂದ ಬರಿಗೈಲಿ ಏಳುವುದು ನಮ್ಮ ಹೆಣ್ಣುಮಕ್ಕಳಿಗೆ ಸುಲಭವಲ್ಲ. (ಸವದತ್ತಿ ಯಲ್ಲಮ್ಮನ ಜಾತ್ರೆಯ ಬಳೆ ಸಾಲಿನಲ್ಲಿ ಆ ಸಂಕೋಚವಿಲ್ಲ. ನೋಡಿ ಮುಂದೆ ಸಾಗಬಹುದು. ಬೆಲೆಗೆ ಮಾತ್ರ ಚೌಕಾಶಿ ತಪ್ಪದು.)

ನಾಗೇಶರ ಬದುಕಿನ ಎರಡನೆಯ ಘಟ್ಟ ನನಗೆ ಹೆಚ್ಚು ತೂಕದ್ದೆನಿಸುತ್ತದೆ. 2009ರಲ್ಲಿ ವ್ಯವಸ್ಥಾಪಕ ನಿರ್ದೇಶಕರ ಹೊಣೆ ಬಿಟ್ಟ ಅವರು 2011ರಲ್ಲಿ ಅಂಗಡಿ ನೌಕರರಿಗಾಗಿ ಟ್ರೈನ್ ಎಂಬ ಟ್ರಸ್ಟ್ ಸ್ಥಾಪಿಸಿದರು. ಅದರ ಪಂಖ್ ಯೋಜನೆ ಅಂಗವಿಕಲರನ್ನು ಚಿಲ್ಲರೆ ಮಾರಾಟದ ಕೆಲಸಕ್ಕೆ ತಯಾರು ಮಾಡುತ್ತದೆ. ಡಿಸೆಂಬರ್ 12ನ್ನು ಚಿಲ್ಲರೆ ನೌಕರರ ದಿನವೆಂದು ಗೊತ್ತುಮಾಡಿದ್ದೂ ಅದೇ ಟ್ರಸ್ಟ್. ಬೂಸಿಕೊ ಕೂಡ 1876ರಲ್ಲಿ ತನ್ನ ನೌಕರರಿಗೆ ಭವಿಷ್ಯನಿಧಿ ತೆರೆದಿದ್ದ. ಮಾರುವವರನ್ನು ನೆನೆಯಲು ಇಂಥದೊಂದು ದಿನ ಬೇಕಾಯಿತೆಂದರೆ, ಎದೆಯ ಮೇಲೆ ಹೆಸರಿನ ಪಟ್ಟಿ ಇದ್ದರೂ ಅದನ್ನು ಓದುವವರು ಕಡಿಮೆ ಎಂದೇ ಅರ್ಥ. ಬೈಲಹೊಂಗಲದ ಗುಮಾಸ್ತನ ಹೆಸರು ಮೂರು ತಲೆಮಾರಿಗೆ ಗೊತ್ತು. ಹಾಗೆಂದು ಹಳೆಯ ಅಂಗಡಿಯನ್ನು ಹಾಡಿ ಹೊಗಳಬೇಕಿಲ್ಲ. ಅವನ ಪಗಾರ, ರಜೆ, ಮುಪ್ಪಿನ ದಿನಗಳು ಎಲ್ಲವೂ ಸಾಹುಕಾರರ ಮರ್ಜಿಗೆ ಬಿಟ್ಟದ್ದಾಗಿದ್ದವು.

ದೀಪಾವಳಿಗೆ ಪೂಜೆಗಿಟ್ಟು ಹೊಸದು ತೆರೆದ ಮೇಲೆ ಅಟ್ಟ ಸೇರುವ ಕಿರ್ದಿ-ಖಾತೆ ಪುಸ್ತಕಗಳು ಇಂಥ ಅಂಗಡಿಗಳ ಅಧ್ಯಯನಕ್ಕೆ ಮೂಲ ಆಕರವಾಗಬೇಕು. ರದ್ದಿಗೆ ಹೋಗುವ ಮುಂಚೆ ಅವನ್ನು ಕೂಡಿಹಾಕಿದರೆ, ಗಿರಾಕಿಯ ಬಾಕಿಗಿಂತ ಮೊದಲು ಗುಮಾಸ್ತರ ಪಗಾರದ ಕಲಮುಗಳನ್ನು ಓದಬೇಕಾಗುತ್ತದೆ.