ಪಾದ್ರಿ ಕೊಟ್ಟ ಪಟ್ಟಿ, ಸಸ್ಯವೈದ್ಯ ಬರೆದ ನಕ್ಷೆ

ಅಮೆರಿಕದಲ್ಲಿ ನೆಲೆಸಿರುವ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಬೇಸಿಗೆಯ ಮಾತು ಚಳಿಗಾಲದಲ್ಲೇ ಶುರುವಾಗುತ್ತದೆ. ಯಾವ ಸರೋವರದ ದಂಡೆಗೆ ಹೋಗುವುದು, ಎಷ್ಟು ಡೇರೆ ಬೇಕು, ಒಲೆ ಯಾರು ತರಬೇಕು, ಚಿತ್ರಾನ್ನದ ಗೊಜ್ಜು ಮನೆಯಲ್ಲೇ ಮಾಡಿ ಒಯ್ಯುವುದೋ ಅಲ್ಲೇ ಒಗ್ಗರಣೆ ಹಾಕುವುದೋ ಎಂಬ ಚರ್ಚೆ. ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಶಿಬಿರತಾಣಗಳಲ್ಲಿ ಒಂಬತ್ತು ತಿಂಗಳು ಮುಂಚೆಯೇ ಜಾಗ ಕಾಯ್ದಿರಿಸಬಹುದು. ತಡ ಮಾಡಿದವರಿಗೆ ನೀರಿನ ದಂಡೆ ಸಿಗುವುದು ಕಷ್ಟ. ಕಾಯ್ದಿರಿಸುವವರ ಮುಂದೆ ಒಂದು ನಕ್ಷೆ ಇರುತ್ತದೆ: ಮರಗಳ ನಡುವೆ ಬಳೆಯಂತೆ ಸುತ್ತಿ ಬರುವ ರಸ್ತೆ, ಅದರಿಂದ ಓರೆಯಾಗಿ ಕವಲೊಡೆದ ಗೀಟುಗಳು, ಪ್ರತಿ ಗೀಟಿಗೂ ಒಂದೊಂದು ನಂಬರು.

ಕಾಡಿಗೆ ಹೋಗಿ ಮಲಗುವುದಕ್ಕೂ ನಂಬರೇ ಎಂದು ನಮ್ಮೂರಿನವರಿಗೆ ನಗು ಬರಬಹುದು. ಆದರೆ ಈ ನಕ್ಷೆ ಹುಟ್ಟಿದ್ದು ಜನರ ಅನುಕೂಲಕ್ಕಾಗಿಯಷ್ಟೇ ಅಲ್ಲ, ಮರಗಳ ಜೀವ ಉಳಿಸುವುದಕ್ಕೆ. ಅದರ ಹಿಂದೆ ಸುಮಾರು ಅರವತ್ತು ವರ್ಷಗಳ ಕತೆಯಿದೆ.

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಅಡಿರಾಂಡ್ಯಾಕ್ ಎಂಬ ಬೆಟ್ಟಗಾಡು ಇದೆ. ಅಲ್ಲಿರುವ ಕೆರೆ, ಸರೋವರಗಳ ಸಂಖ್ಯೆ ಮೂರು ಸಾವಿರಕ್ಕೂ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಬೇಟೆಗಾರರು, ಮರ ಕಡಿಯುವವರು, ಅಪರೂಪಕ್ಕೆ ಕೆಲವು ಸಿರಿವಂತರು ಅಥವಾ ವಿದ್ವಾಂಸರು ಬಿಟ್ಟರೆ ಹೊರಗಿನವರು ಅತ್ತ ಸುಳಿಯುತ್ತಿದ್ದುದು ಕಡಿಮೆ. 1858ರಲ್ಲಿ ದಾರ್ಶನಿಕ ಎಮರ್ಸನ್, ವಿಜ್ಞಾನಿ ಅಗಾಸಿ ಮೊದಲಾದವರು ಅಲ್ಲಿ ಬಿಡಾರ ಹೂಡಿದ್ದರು. ಎಮರ್ಸನ್ ಬಂದೂಕು ಒಯ್ಯುತ್ತಾರೆಂದು ಕೇಳಿ ಕವಿ ಲಾಂಗ್‌ಫೆಲೊ ತಾನು ಬರುವುದಿಲ್ಲ ಎಂದುಬಿಟ್ಟನಂತೆ!

ಜನಸಾಮಾನ್ಯರನ್ನು ಆ ಕಡೆ ತಿರುಗಿಸಿದವನು ವಿಲಿಯಂ ಮರ್ರೆ. ಬಾಸ್ಟನ್ನಿನ ಪ್ರತಿಷ್ಠಿತ ಪಾರ್ಕ್ ಸ್ಟ್ರೀಟ್ ಚರ್ಚಿನ ತರುಣ ಪಾದ್ರಿ. ಬೇಸಿಗೆ ಬಂದರೆ ರ್ಯಾಕೆಟ್ ಸರೋವರದ ನಡುಗಡ್ಡೆಯೊಂದರಲ್ಲಿ ಡೇರೆ ಹಾಕಿ ಮೀನು ಹಿಡಿಯುವುದು ಇವನ ಖಯಾಲಿ. 1869ರ ವಸಂತದಲ್ಲಿ ಈ ಅನುಭವಗಳ ಪುಸ್ತಕ ಹೊರತಂದ. ಅದರಲ್ಲಿದ್ದ ಬೇಟೆಯ ಕತೆಗಳಲ್ಲಿ ಉತ್ಪ್ರೇಕ್ಷೆ ಧಾರಾಳವಾಗಿತ್ತು. ಆದರೆ ಪುಸ್ತಕದ ಶಕ್ತಿ ಇದ್ದದ್ದು ಮೊದಲ ಅಧ್ಯಾಯದಲ್ಲಿ: ಯಾವ ರೈಲು ಹತ್ತಬೇಕು, ಯಾವ ಹೋಟೆಲಿನಲ್ಲಿ ಇಳಿಯಬೇಕು, ಏನೇನು ಬಟ್ಟೆ ಬೇಕು, ಏನನ್ನು ಮನೆಯಲ್ಲೇ ಬಿಡಬೇಕು, ದೋಣಿ ನಡೆಸುವ, ಅಡುಗೆ ಮಾಡುವ ಸ್ಥಳೀಯ ಮಾರ್ಗದರ್ಶಿಗೆ ದಿನಕ್ಕೆ ಎರಡೂವರೆ ಡಾಲರ್, ಒಟ್ಟು ತಿಂಗಳ ಖರ್ಚು ಸುಮಾರು 125 ಡಾಲರ್. ಹೆಂಗಸರೂ ಹೋಗಬಹುದೆಂದು ಹೇಳಿ, ಸೊಳ್ಳೆ ನೊಣಗಳಿಂದ ಮುಖ ಕಾಯುವ ತೆಳು ಮುಸುಕು, ತೋಳಿನವರೆಗಿನ ಕೈಗವಸು ಎಂದು ಅವರಿಗೆ ಬೇರೆಯೇ ಪಟ್ಟಿ ಕೊಟ್ಟಿದ್ದ. ಕಾಡಿನಲ್ಲಿ ಬಿಡಾರ ಹೂಡುವುದು ಸಾಹಸಿಗಳ ಕೆಲಸವಲ್ಲ, ಲೆಕ್ಕ ಹಾಕಿ ಯಾರು ಬೇಕಾದರೂ ಮಾಡಬಹುದಾದ ಪ್ರವಾಸ ಎಂಬ ಧೈರ್ಯವನ್ನು ಕೊಟ್ಟದ್ದು ಈ ಪಟ್ಟಿ.

ಪರಿಣಾಮ ಅವನೂ ಊಹಿಸಿರಲಿಕ್ಕಿಲ್ಲ. ಅದೇ ಬೇಸಿಗೆಯಲ್ಲಿ ಸಾವಿರಾರು ಜನ ಪುಸ್ತಕ ಕೈಯಲ್ಲಿ ಹಿಡಿದು ಬಂದಿಳಿದರು. ಹೋಟೆಲುಗಳಲ್ಲಿ ಹಾಸಿಗೆ ಸಾಲಲಿಲ್ಲ, ಮಾರ್ಗದರ್ಶಿಗಳೂ ಸಾಲಲಿಲ್ಲ. ಸಾಲದ್ದಕ್ಕೆ ಆ ವರ್ಷ ಚಳಿ ಮಳೆ ಬಿಡಲಿಲ್ಲ. ಪಾದ್ರಿ ಹಗುರವಾಗಿ ಮಾತಾಡಿದ್ದ ಕರಿನೊಣಗಳು ಮೈಯೆಲ್ಲ ಕಚ್ಚಿದವು. ಪತ್ರಿಕೆಗಳು ಈ ಯಾತ್ರಿಕರಿಗೆ ‘ಮರ್ರೆಯ ಮೂರ್ಖರು’ ಎಂದು ಹೆಸರಿಟ್ಟವು. ಇದರಲ್ಲಿ ಕರುಣಾಜನಕವಾದ ಭಾಗವೂ ಒಂದಿದೆ. ಕ್ಷಯದಿಂದ ಸಾಯುವಂತಿದ್ದ ಯುವಕನೊಬ್ಬ ಕಾಡಿನ ಗಾಳಿಗೆ ಚೇತರಿಸಿಕೊಂಡ ಪ್ರಸಂಗವನ್ನು ಮರ್ರೆ ಬರೆದಿದ್ದ. ಅದನ್ನು ನಂಬಿ ಕ್ಷಯರೋಗಿಗಳೂ ಬಂದರು. ಔಷಧವಿಲ್ಲದ ಕಾಲದಲ್ಲಿ ಒಂದು ಪುಟದ ಕತೆಯೂ ಆಸರೆ. ಮುಂದೆ 1873ರಲ್ಲಿ ಸ್ವತಃ ಕ್ಷಯಪೀಡಿತನಾಗಿ ಈ ಬೆಟ್ಟಗಳಿಗೆ ಬಂದ ವೈದ್ಯ ಎಡ್ವರ್ಡ್ ಟ್ರೂಡೊ ಬದುಕುಳಿದು, 1880ರ ದಶಕದಲ್ಲಿ ಸಾರನಾಕ್ ಸರೋವರದ ಬಳಿ ಪ್ರಸಿದ್ಧವಾದ ಕ್ಷಯ ಚಿಕಿತ್ಸಾಲಯವನ್ನೇ ತೆರೆದ.

ಮೂರ್ಖರೆಂದು ನಕ್ಕರೂ ಜನ ಬರುವುದು ನಿಲ್ಲಲಿಲ್ಲ. ಕಾಡಿನ ಬಗ್ಗೆ ಮಮತೆಯುಳ್ಳ ಮತದಾರರ ವರ್ಗವೊಂದು ಬೆಳೆಯಿತು. 1885ರಲ್ಲಿ ನ್ಯೂಯಾರ್ಕ್ ಇಲ್ಲಿ ಸಂರಕ್ಷಿತ ಅರಣ್ಯ ಘೋಷಿಸಿತು. 1894ರಲ್ಲಿ ಆ ಕಾಡನ್ನು ಶಾಶ್ವತವಾಗಿ ಕಾಡಾಗಿಯೇ ಉಳಿಸಬೇಕೆಂಬ ವಿಧಿಯನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿತು. ಇದರಲ್ಲಿ ನದಿಗಳ ನೀರನ್ನು ನೆಚ್ಚಿದ್ದ ವ್ಯಾಪಾರಸ್ಥರ ಒತ್ತಾಯವೂ ಇತ್ತೆನ್ನಿ.

ಆಮೇಲೆ ಬಂತು ಮೋಟಾರು. 1920ರಲ್ಲಿ ಅಮೆರಿಕದಲ್ಲಿದ್ದ ಕಾರುಗಳು ಸುಮಾರು 80 ಲಕ್ಷ. 1929ರ ಹೊತ್ತಿಗೆ 2 ಕೋಟಿ 30 ಲಕ್ಷ. ಮರ್ರೆಯ ಕಾಲದ ಯಾತ್ರಿಕ ರೈಲು ಇಳಿದು, ದೋಣಿ ಹತ್ತಿ, ದೋಣಿಯನ್ನು ಹೊತ್ತವನ ಹಿಂದೆ ನಡೆದು ಬಿಡಾರ ಸೇರುತ್ತಿದ್ದ. ಈಗಿನವನು ನೇರವಾಗಿ ಮರದ ಬುಡಕ್ಕೇ ಕಾರು ತಂದು ನಿಲ್ಲಿಸಿ, ಕಾರಿನ ಪಕ್ಕಕ್ಕೆ ಡೇರೆ ಕಟ್ಟತೊಡಗಿದ. ರಸ್ತೆಯೆಂಬುದು ಇರಲಿಲ್ಲ, ಬಯಲು ಕಂಡಲ್ಲಿ ರಸ್ತೆ, ನೆರಳು ಕಂಡಲ್ಲಿ ಮನೆ. ಮೊದಲು ಗಿಡಗಂಟಿ ಹೋಯಿತು, ಬಳಿಕ ಹುಲ್ಲು. ಕೆಲವು ವರ್ಷಗಳಲ್ಲಿ ಮರಗಳ ತುದಿ ಒಣಗತೊಡಗಿತು.

ಕಾರಣ ಹುಡುಕಿದವನು ಕ್ಯಾಲಿಫೋರ್ನಿಯದಲ್ಲಿ ಸರ್ಕಾರಿ ಸಸ್ಯರೋಗ ತಜ್ಞನಾಗಿದ್ದ ಎಮಿಲಿಯೊ ಮೈನೆಕೆ. 1920ರ ದಶಕದ ಕೊನೆಯಲ್ಲಿ, ಪ್ರವಾಸಿಗರ ದಟ್ಟಣೆಯಿಂದ ಕೆಂಪುಮರದ ತೋಪುಗಳಿಗೆ ಏನಾಗುತ್ತಿದೆಯೆಂದು ಪರೀಕ್ಷಿಸಲು ಇವನಿಗೆ ಹೇಳಲಾಯಿತು. ಮುನ್ನೂರು ಅಡಿ ಬೆಳೆಯುವ, ಸಾವಿರಾರು ವರ್ಷ ಬಾಳಬಲ್ಲ ಮರಗಳು ಇವು. ಆದರೆ ತಾಯಿಬೇರಿಲ್ಲ. ಬೇರುಗಳು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡುತ್ತವೆ. ಉಸಿರಾಡುವ, ನೀರು ಹೀರುವ ಎಳೆಬೇರುಗಳೆಲ್ಲ ಇರುವುದು ಮೇಲ್ಮಣ್ಣಿನಲ್ಲಿ. ಮೈನೆಕೆ ಕಂಡದ್ದಿಷ್ಟು: ಕಾಲು ತುಳಿತಕ್ಕೆ, ಅದಕ್ಕಿಂತ ಹೆಚ್ಚಾಗಿ ಚಕ್ರದ ಭಾರಕ್ಕೆ ಮಣ್ಣು ಕಣದಂತೆ ಗಟ್ಟಿಯಾಗುತ್ತದೆ. ಗಾಳಿ ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಮರ ನಿಂತಲ್ಲೇ ಕೊರಗುತ್ತದೆ. ಕೊಡಲಿ ಹಿಡಿದವನು ಯಾರೂ ಅಲ್ಲ; ಮರವನ್ನು ನೋಡಲೆಂದು ದೂರದಿಂದ ಬಂದವರೇ ಅದನ್ನು ತುಳಿದು ಸಾಯಿಸುತ್ತಿದ್ದರು. ಬೇರಿಗೆ ಬಿದ್ದ ಪೆಟ್ಟು ಕೊಂಬೆಯಲ್ಲಿ ಕಾಣಲು ವರ್ಷಗಳು ಬೇಕಾದ್ದರಿಂದ ಯಾರಿಗೂ ತಪ್ಪು ತಮ್ಮದೆಂದು ತಿಳಿಯುವಂತಿರಲಿಲ್ಲ.

ಹಾಳಾದ ಜಾಗವನ್ನು ಮುಚ್ಚಿ ಪಕ್ಕದಲ್ಲಿ ಹೊಸದನ್ನು ತೆರೆಯುವುದು ಆಗಿನ ವಾಡಿಕೆ. ಹಾಗೆ ಮಾಡಿದರೆ ಹಾಳು ಹರಡುತ್ತದೆಯೇ ಹೊರತು ನಿಲ್ಲುವುದಿಲ್ಲ ಎಂದ ಮೈನೆಕೆ. 1932ರಲ್ಲಿ ಅವನು ಬರೆದ ಕಿರುಹೊತ್ತಿಗೆಯ ಉಪಾಯ ಸರಳವಾದದ್ದು. ರಸ್ತೆ ಒಂದೇ ದಿಕ್ಕಿನದು, ಆದ್ದರಿಂದ ಕಿರಿದು. ಅದರಿಂದ ಓರೆಯಾಗಿ ಒಂದೊಂದು ಬಿಡಾರಕ್ಕೂ ಕಾರು ನುಗ್ಗಿಸುವಷ್ಟು ಮೊಂಡುಗವಲು. ಕಾರು ಅದನ್ನು ದಾಟದಂತೆ ಆಯಕಟ್ಟಿನಲ್ಲಿ ಬಂಡೆ ಅಥವಾ ಮರದ ದಿಮ್ಮಿ. ಮೇಜು, ಒಲೆ, ಡೇರೆಯ ಜಾಗ ಎಲ್ಲವೂ ನಿಗದಿ, ಮೇಜು ಕದಲುವಂತಿಲ್ಲ. ಅವನ ತರ್ಕವೇನೆಂದರೆ, ಒಲೆ ಮೇಜು ಕಾರುಗಳ ಸ್ಥಾನ ಗೊತ್ತಾಗಿಬಿಟ್ಟರೆ ಮನುಷ್ಯ ತಾನಾಗಿ ಅವುಗಳ ನಡುವಿನ ಸವೆದ ಹಾದಿಯಲ್ಲೇ ಓಡಾಡುತ್ತಾನೆ. ಅಷ್ಟು ನೆಲ ಹೋದರೆ ಹೋಗಲಿ, ಉಳಿದದ್ದು ಬದುಕುತ್ತದೆ. ಬಿಡಾರಗಳ ನಡುವೆ ಉಳಿದ ಪೊದೆಗಳು ನೆರೆಯವರಿಗೆ ಮರೆಯೂ ಆಗುತ್ತವೆ. ‘ತುಳಿಯಬೇಡಿ’ ಎಂಬ ಫಲಕಗಳಿಗಿಂತ ಒಂದು ಬಂಡೆಯ ಮೇಲೆ ಈ ಮನುಷ್ಯನಿಗೆ ಹೆಚ್ಚು ನಂಬಿಕೆಯಿತ್ತು. ಜನರ ಸ್ವಭಾವ ಬಲ್ಲವನೇ ಸರಿ.

ಕಾಲವೂ ಕೂಡಿಬಂತು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗಾಗಿ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೂಡಿದ ಅರಣ್ಯ ಕಾಯಕದ ದಳ 1942ರವರೆಗೆ ನಡೆಯಿತು. ಸುಮಾರು 30 ಲಕ್ಷ ಜನ ಅದರಲ್ಲಿ ದುಡಿದರು. ರಾಷ್ಟ್ರೀಯ ಉದ್ಯಾನಗಳಲ್ಲಿ, ಸರ್ಕಾರಿ ಕಾಡುಗಳಲ್ಲಿ ಮೈನೆಕೆಯ ಬಳೆ ರಸ್ತೆಗಳನ್ನು ಕಡಿದವರು, ಬಂಡೆ ಉರುಳಿಸಿದವರು, ಕಲ್ಲಿನ ಒಲೆ ಕಟ್ಟಿದವರು ಇವರೇ.

ಮರವನ್ನು ಕಾಯುವ ನಕ್ಷೆಯ ಮೇಲೆ ಅದೇ ಕಾಲದಲ್ಲಿ ಇನ್ನೊಂದು ಗೀಟನ್ನೂ ಎಳೆಯಲಾಗಿತ್ತು ಎಂಬುದನ್ನು ಮರೆಯಬಾರದು. ವರ್ಜೀನಿಯದ ಶೆನಂಡೋವ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಎಂಬ ಶಿಬಿರತಾಣ ತೆರೆದದ್ದು ಕರಿಯರಿಗಾಗಿ ಮಾತ್ರ. ಕೇಂದ್ರ ಸರ್ಕಾರದ ಉದ್ಯಾನದಲ್ಲೂ ಆ ರಾಜ್ಯದ ವರ್ಣಭೇದದ ಪದ್ಧತಿಯನ್ನು ಪಾಲಿಸಲಾಯಿತು. ಅದು ಪೂರ್ತಿ ಅಳಿದದ್ದು 1950ರ ವೇಳೆಗೆ. ಕೆರೆಯ ನೀರಿಗೂ ಜಾತಿ ಕೇಳಿದ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೂಯಿಸ್ ಮೌಂಟನ್ ಇಂದಿಗೂ ಇದೆ, ಎಲ್ಲರಿಗೂ ತೆರೆದಿದೆ.

ಮುಂದಿನದು ಹೆಚ್ಚಾಗಿ ಅಳತೆಯ ಕತೆ. ಮೈನೆಕೆ ಗೀಟೆಳೆದದ್ದು ಅಂದಿನ ಕಾರಿಗೆ. ಯುದ್ಧಾನಂತರ ಕಾರಿನ ಹಿಂದೆ ಗಾಲಿಮನೆ ಬಂತು, ಬಳಿಕ ಬಸ್ಸಿನಷ್ಟು ದೊಡ್ಡ ಚಲಿಸುವ ಮನೆಗಳೇ ಬಂದವು. ಹಳೆಯ ಕಾಡುಗಳಲ್ಲಿ ರಸ್ತೆಯನ್ನು ಹಿಗ್ಗಿಸಬೇಕಾದರೆ ಯಾವ ಮರಗಳಿಗಾಗಿ ಅದನ್ನು ಬಳಸಿ ಹಾಕಿದ್ದರೋ ಅವನ್ನೇ ಕಡಿಯಬೇಕು. ಹೀಗಾಗಿ ಎಷ್ಟೋ ಕಡೆ ದೊಡ್ಡ ಗಾಡಿಗಳಿಗೆ ಪ್ರವೇಶವೇ ಇಲ್ಲ. ಈಚೆಗೆ ಸೇರಿದ ಇನ್ನೊಂದು ನಿಯಮ ಕಟ್ಟಿಗೆಯದು: ಮರ ಕೊರೆಯುವ ಹುಳು ಸೌದೆಯೊಂದಿಗೆ ಊರಿಂದೂರಿಗೆ ಹರಡುತ್ತದೆಂದು, ಸಂಸ್ಕರಿಸದ ಸೌದೆಯನ್ನು ಅದರ ಮೂಲದಿಂದ 50 ಮೈಲಿಗಿಂತ ದೂರ ಸಾಗಿಸುವುದನ್ನು ನ್ಯೂಯಾರ್ಕ್ ನಿಷೇಧಿಸಿದೆ. ಹಾಗಾಗಿ ಅಲ್ಲಿ ಬಿಡಾರಕ್ಕೆ ಹೊರಡುವವರ ಪಟ್ಟಿಯಲ್ಲಿ ಈಗ ಸೌದೆಯ ಎದುರು ‘ಅಲ್ಲೇ ಕೊಳ್ಳುವುದು’ ಎಂದಿರುತ್ತದೆ. ಅದರ ಮೇಲಿನ ಸಾಲಿನಲ್ಲಿ ಡೇರೆ, ಕೆಳಗಿನ ಸಾಲಿನಲ್ಲಿ, ಮರ್ರೆಯ ಕಾಲದಲ್ಲಿದ್ದಂತೆಯೇ, ಸೊಳ್ಳೆಗೆ ಮದ್ದು.